ಕೂಸಿನ ಬಟ್ಟಲಿಗೆ ಎಷ್ಟು ಯಂತ್ರ ಬೇಕು?

ಮಗುವಿಗೆ ಆರು ತಿಂಗಳು ತುಂಬುತ್ತಿದೆ ಎಂದರೆ ಈಗ ನಗರದ ಮನೆಗಳಿಗೆ ಒಂದರ ಹಿಂದೊಂದು ಪಾರ್ಸೆಲ್ ಬರತೊಡಗುತ್ತವೆ. ತರಕಾರಿಯನ್ನು ಹಬೆಯಲ್ಲಿ ಬೇಯಿಸಿ ಅದೇ ಜಾರಿನಲ್ಲಿ ಅರೆದುಕೊಡುವ ಯಂತ್ರ, ಅರೆದದ್ದನ್ನು ಗಟ್ಟಿ ಮಾಡಿಡಲು ಗುಳಿಗುಳಿಯಾದ ಸಿಲಿಕೋನ್ ಟ್ರೇ, ಪ್ರಯಾಣದಲ್ಲಿ ಹಿಂಡಿ ತಿನ್ನಿಸಲು ಮೂತಿಯಿರುವ ಚೀಲ, ಬಾಟಲಿ ಬೆಚ್ಚಗೆ ಮಾಡುವ ಡಬ್ಬ, ಬಾಟಲಿಯನ್ನು ಹಬೆಯಲ್ಲಿ ಶುದ್ಧ ಮಾಡುವ ಇನ್ನೊಂದು ಡಬ್ಬ, ಹಣ್ಣಿನ ತುಂಡಿಟ್ಟು ಚೀಪಿಸುವ ಜಾಲರಿ ನಿಪ್ಪಲ್, ಮೇಜಿಗೆ ಅಂಟಿಕೊಳ್ಳುವ ಬಟ್ಟಲು, ಬಿಸಿ ಹೆಚ್ಚಾದರೆ ಬಣ್ಣ ಬದಲಿಸುವ ಚಮಚ. ಇವನ್ನೆಲ್ಲ ಮಾರುವವರು ಆಡುವ ಮಾತು ಒಂದೇ: ಅಂಗಡಿಯ ಡಬ್ಬಿ ಬೇಡ, ಮನೆಯಲ್ಲೇ ಮಾಡಿ ಕೊಡಿ.

ಈ ಮಾತು ಇಷ್ಟು ಜೋರಾಗಿ ಕೇಳಿಸುವುದಕ್ಕೆ ಒಂದು ಕಾರಣ ಕಾನೂನಿನಲ್ಲೇ ಇದೆ. ಶಿಶು ಆಹಾರ, ಹಾಲಿನ ಪುಡಿ ಮತ್ತು ಹಾಲೂಡಿಸುವ ಬಾಟಲಿಗಳ ಮಾರಾಟವನ್ನು ನಿಯಂತ್ರಿಸಲು ನಮ್ಮಲ್ಲಿ 1992ರಲ್ಲಿ ಒಂದು ಕಾಯ್ದೆ ಬಂತು. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಎರಡು ವರ್ಷದೊಳಗಿನ ಮಕ್ಕಳಿಗಾಗಿ ತಯಾರಾದ ಈ ಯಾವ ವಸ್ತುವಿಗೂ ಜಾಹೀರಾತು ಕೊಡುವಂತಿಲ್ಲ. ಹಾಲಿನ ಪುಡಿಯ ಡಬ್ಬಿಯ ಮೇಲೆ ದುಂಡುಕೆನ್ನೆಯ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ಒಳ್ಳೆಯ ಕಾಯ್ದೆ. ಆದರೆ ಕ್ಯಾರೆಟ್ ಅರೆಯುವ ಯಂತ್ರ ಆಹಾರವೂ ಅಲ್ಲ, ಬಾಟಲಿಯೂ ಅಲ್ಲ. ಅದರ ಪಕ್ಕದಲ್ಲಿ ಎಷ್ಟು ದುಂಡುಕೆನ್ನೆಗಳನ್ನಾದರೂ ಕೂರಿಸಬಹುದು. ಇದರ ಮೇಲೆ 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆಯ ವರದಿ ಬಂತು. ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಹೊತ್ತಿನ ಅಳತೆಗೆ ಸರಾಸರಿ 3 ಗ್ರಾಂನಷ್ಟು ಸೇರಿಸಿದ ಸಕ್ಕರೆ ಇದೆ, ಅದನ್ನು ತಯಾರಿಸುವ ಕಂಪನಿಯೇ ತನ್ನ ತವರಾದ ಸ್ವಿಟ್ಜರ್ಲೆಂಡಿನ ಮಕ್ಕಳಿಗೆ ಮಾರುವುದರಲ್ಲಿ ಅದಿಲ್ಲ ಎಂದು ಅದು ಹೇಳಿತು. ಓದಿದ ತಾಯ್ತಂದೆಯರು ಡಬ್ಬಿಯಿಂದ ಹಿಂದೆ ಸರಿದರೆ ಅವರನ್ನು ದೂರುವ ಹಾಗಿಲ್ಲ. ಡಬ್ಬಿ ಬಿಟ್ಟ ಕೈಗೆ ಯಂತ್ರ ಕೊಡಲು ಮಾರುಕಟ್ಟೆ ಸಿದ್ಧವಾಗಿ ನಿಂತಿತ್ತು, ಅಷ್ಟೆ.

ಮನೆಯ ಆಹಾರದ ಬಗ್ಗೆ ನನಗೆ ತಕರಾರಿಲ್ಲ. ಅದಕ್ಕೆ ಬೇರೆಯದೇ ಒಂದು ಯಂತ್ರ ಸಂಸಾರ ಬೇಕೆಂಬ ನಂಬಿಕೆಯ ಬಗ್ಗೆ ಇದೆ. ಹಾಗೆಂದು, ‘ನಮ್ಮ ಅಜ್ಜಿಯರಿಗೆ ಏನಿತ್ತು, ಪ್ರೀತಿಯೊಂದಿದ್ದರೆ ಸಾಕು’ ಎನ್ನುವವರ ಜತೆಗೂ ನಾನಿಲ್ಲ. ಪಾತ್ರೆ ಮುಖ್ಯ. ಎಷ್ಟು ಮುಖ್ಯವೆಂದರೆ, ಈ ದೇಶದಲ್ಲಿ ಹಾಲು ಕಾಸಿದ ಪಾತ್ರೆಯೇ ಎಷ್ಟೋ ಮಕ್ಕಳ ಜೀವ ತೆಗೆದಿದೆ. ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಿತ್ತಾಳೆ ಪಾತ್ರೆಗಳು ಈಗ ಮತ್ತೆ ಅಡುಗೆಮನೆಗೆ ಬರುತ್ತಿವೆ.

ಭಾರತೀಯ ಬಾಲ್ಯದ ಸಿರೋಸಿಸ್ ಎಂಬ ಹೆಸರಿನಲ್ಲಿ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಒಂದು ಕಾಯಿಲೆ ಇತ್ತು. 1880ರ ದಶಕದಲ್ಲೇ ಕಲ್ಕತ್ತೆಯಲ್ಲಿ ಅದನ್ನು ಗುರುತಿಸಿದ್ದರು. ಮಗು ಒಂದರಿಂದ ಮೂರು ವರ್ಷದೊಳಗಿರುವಾಗ ಹೊಟ್ಟೆ ಉಬ್ಬುತ್ತಿತ್ತು, ಯಕೃತ್ತು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು, ಕಾಮಾಲೆ ಕಾಣಿಸಿಕೊಂಡು ತಿಂಗಳುಗಳಲ್ಲಿ ಮಗು ತೀರಿಕೊಳ್ಳುತ್ತಿತ್ತು. ಒಂದೇ ಮನೆಯಲ್ಲಿ ಒಂದಾದ ಮೇಲೊಂದು ಮಗು ಹೋದದ್ದೂ ಉಂಟು. ದಕ್ಷಿಣದ ಮನೆಗಳಲ್ಲಿ ಈ ಭಯ ಎಷ್ಟಿತ್ತೆಂಬುದಕ್ಕೆ ಹಳೆಯ ಪತ್ರಿಕೆಗಳಲ್ಲಿನ ಮದರಾಸಿನ ಜಮ್ಮಿ ಲಿವರ್ ಕ್ಯೂರ್ ಜಾಹೀರಾತುಗಳೇ ಸಾಕ್ಷಿ. ವಿಚಿತ್ರವೆಂದರೆ ಕಾಯಿಲೆ ಕಡುಬಡವರ ಗುಡಿಸಲಿಗಿಂತ ಹಸು ಎಮ್ಮೆ ಕಟ್ಟಿದ್ದ, ಪಾತ್ರೆ ಪಗಡ ಇದ್ದ, ಮಗುವಿಗೆ ಹಾಲಿಗೆ ಕೊರತೆ ಇಲ್ಲದ ಮನೆಗಳಲ್ಲಿ ಹೆಚ್ಚಾಗಿ ಕಾಣುತ್ತಿತ್ತು.

ಪುಣೆಯ ವೈದ್ಯರಾದ ಶೀಲಾ ಭಾವೆ, ಆನಂದ ಪಂಡಿತ್ ಮತ್ತು ಇಂಗ್ಲೆಂಡಿನ ಟ್ಯಾನರ್ ಮೊದಲಾದವರು 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಅನುಮಾನವನ್ನು ಬರೆದರು. ಈ ಮಕ್ಕಳ ಯಕೃತ್ತಿನಲ್ಲಿ ವಿಪರೀತ ತಾಮ್ರ ತುಂಬಿಕೊಂಡಿತ್ತು. ಅದು ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ ಸಿಕ್ಕಿದ್ದು ಅಡುಗೆಮನೆಯ ಹಿತ್ತಾಳೆ ಮತ್ತು ತಾಮ್ರದ ಪಾತ್ರೆ. ಆ ಪಾತ್ರೆಗಳಲ್ಲಿ ಹಾಲು ಕಾಸಿ, ಅದರಲ್ಲೇ ಗಂಟೆಗಟ್ಟಲೆ ಇಟ್ಟು, ಎಳೆಯ ಮಗುವಿಗೆ ಕುಡಿಸುತ್ತಿದ್ದರು. ಹಾಲಿನ ಕೇಸಿನ್ ಪ್ರೋಟೀನು ತಾಮ್ರವನ್ನು ಹಿಡಿದುಕೊಳ್ಳುತ್ತದೆ, ಎಳೆಯ ಯಕೃತ್ತಿಗೆ ಅದನ್ನು ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ವಂಶದ ಗುಣವೂ ಸೇರಿರಬೇಕೆಂದು ವಾದಿಸಿದವರಿದ್ದಾರೆ, ಹಿತ್ತಾಳೆಯಲ್ಲಿ ಕಾಸಿದ ಹಾಲು ಕುಡಿದ ಮಕ್ಕಳೆಲ್ಲ ಕಾಯಿಲೆ ಬೀಳಲಿಲ್ಲವಲ್ಲ. ಆದರೆ ಸ್ಟೀಲ್ ಪಾತ್ರೆ ಮನೆಮನೆಗೆ ಬಂದಂತೆ ಕಾಯಿಲೆ ಬಹುತೇಕ ಕಣ್ಮರೆಯಾಯಿತು. ಇಂದಿನ ಮಕ್ಕಳ ವೈದ್ಯರಲ್ಲಿ ಹಲವರು ಅದನ್ನು ಪುಸ್ತಕದಲ್ಲಿ ಮಾತ್ರ ಓದಿರುತ್ತಾರೆ. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲೂ ಇಂಥದೇ ನಡೆದಿತ್ತು. 1900ರಿಂದ 1974ರವರೆಗೆ ಅಲ್ಲಿ 138 ಕೂಸುಗಳು ಹೀಗೇ ಸತ್ತದ್ದನ್ನು ಆಮೇಲೆ ಲೆಕ್ಕ ಹಾಕಿದರು. ಅಲ್ಲಿಯೂ ಕಲಾಯಿ ಇಲ್ಲದ ತಾಮ್ರದ ಪಾತ್ರೆಯೇ, ಅಲ್ಲಿಯೂ ಹಸುವಿನ ಹಾಲೇ.

ಕಲಾಯಿ ಎಂಬುದನ್ನು ಗಮನಿಸಬೇಕು. ನವಸಾಗರ ಉಜ್ಜಿ ಒಳಮೈಗೆ ತವರ ಬಳಿಸಿಕೊಂಡ ಹಿತ್ತಾಳೆ ಪಾತ್ರೆ ಅಷ್ಟು ಅಪಾಯವಲ್ಲ. ಬೀದಿಗೆ ಕಲಾಯಿಯವರು ಬಂದಾಗ ಹೆಂಗಸರು ಪಾತ್ರೆಗಳನ್ನು ಹೊರಗೆ ತಂದಿಡುತ್ತಿದ್ದದ್ದು ಬರೀ ಹೊಳಪಿಗಲ್ಲ. ಕಲಾಯಿ ಸವೆದ ಪಾತ್ರೆ, ಮತ್ತೆ ಬಳಿಸಲು ಪುರುಸೊತ್ತಿಲ್ಲದ ಮನೆ, ಅದರೊಳಗೆ ಇಡೀ ದಿನ ಕುಳಿತ ಹಾಲು, ಇವು ಕೂಡಿದಾಗ ವಿಷ. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಹಿತ್ತಾಳೆ ಪಾತ್ರೆ ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಕಲಾಯಿ ಹಾಕುವವರ ವಿಳಾಸ ಗೊತ್ತು? ದೊಡ್ಡವರ ಸಾರಿಗೆ ಬೇಕಾದರೆ ಆ ಪಾತ್ರೆ ಇರಲಿ. ವರ್ಷ ತುಂಬದ ಮಗುವಿನ ಹಾಲಿಗೆ, ಸರಿಗೆ, ಹಣ್ಣಿನ ರಸಕ್ಕೆ ಬೇಡ. ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಅದರಿಂದ ಆಹಾರಕ್ಕೆ ಸೀಸ ಇಳಿಯುವುದನ್ನು ಹಲವು ದೇಶಗಳಲ್ಲಿ ಪರೀಕ್ಷೆ ಮಾಡಿ ಕಂಡಿದ್ದಾರೆ. ತಳ ದಪ್ಪಗಿರುವ, ಮುಚ್ಚಳ ಸರಿಯಾಗಿ ಕೂರುವ ಒಂದು ಸಾದಾ ಸ್ಟೀಲ್ ಪಾತ್ರೆ ಇದ್ದರೆ ಮಗುವಿನ ಅಡುಗೆಯ ಮುಕ್ಕಾಲು ಪಾಲು ಆದಂತೆ. ಕಳೆದ ನೂರು ವರ್ಷಗಳಲ್ಲಿ ಭಾರತದ ಶಿಶುಗಳ ಮಟ್ಟಿಗೆ ಬಂದ ಅತಿ ದೊಡ್ಡ ಅಡುಗೆ ಉಪಕರಣ ಯಾವುದೆಂದು ಕೇಳಿದರೆ ನಾನು ಸ್ಟೀಲ್ ಪಾತ್ರೆಯ ಹೆಸರನ್ನೇ ಹೇಳುತ್ತೇನೆ. ಅದು ಸದ್ದಿಲ್ಲದೆ ಬಂತು, ಮಗುವಿನ ಹೆಸರಿನಲ್ಲಿ ಯಾರೂ ಅದನ್ನು ಮಾರಲಿಲ್ಲ.

ಇನ್ನು ಪಾತ್ರೆಯೊಳಗಿನ ವಿಷಯ. ಹಳೆ ಮೈಸೂರು ಕಡೆ ರಾಗಿ ಸರಿ, ಕರಾವಳಿಯಲ್ಲಿ ರಾಗಿ ಮಣ್ಣಿ. ಕರಾವಳಿಯವರು ನೆನೆಸಿದ ರಾಗಿಯನ್ನು ಅರೆದು, ಬಟ್ಟೆಯಲ್ಲಿ ಹಿಂಡಿ, ಹಾಲನ್ನು ಮಾತ್ರ ಕಾಸುತ್ತಾರೆ. ಹಳೆ ಮೈಸೂರಿನವರು ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲೋ ಬಿಸಿಲಲ್ಲೋ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ, ಹದವಾಗಿ ಬಿಸಿ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಡಬ್ಬಿಗೆ ತುಂಬುತ್ತಾರೆ. ಇದಕ್ಕೆ ಬೇಕಾದ ಸಲಕರಣೆ ನೋಡಿ: ಒಂದು ಬೋಗುಣಿ, ಹಳೆಯ ಪಂಚೆ ತುಂಡು, ಮೊರ, ಬಾಣಲೆ, ಬೀಸೋಕಲ್ಲು ಅಥವಾ ಗಿರಣಿ, ಬಿಗಿ ಮುಚ್ಚಳದ ಡಬ್ಬಿ. ಇದನ್ನು ಹಳ್ಳಿಯ ಪದ್ಧತಿ ಎಂದು ಮೆಚ್ಚಿ ಪಕ್ಕಕ್ಕಿಡುವುದು ಸುಲಭ. ಇದರೊಳಗೆ ಎಂಥ ಲೆಕ್ಕಾಚಾರ ಅಡಗಿದೆ ಎಂದು ನೋಡಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು. ದೇಶಿಕಾಚಾರ್ ಮತ್ತು ಮಲ್ಲೇಶಿಯವರು 1980ರ ದಶಕದ ಮೊದಲ ವರ್ಷಗಳಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿ ಅದರ ಗುಣವನ್ನು ಬರೆದಿಟ್ಟಿದ್ದಾರೆ.

ಅವರ ಚಿಂತೆ ಇದು. ಆರೇಳು ತಿಂಗಳ, ಏಳು ಕಿಲೋ ತೂಕದ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ ಸುಮಾರು 200 ಗ್ರಾಂ. ಎದೆಹಾಲಿನ ಜತೆಗೆ ಈ ವಯಸ್ಸಿನಲ್ಲಿ ಮೇಲಾಹಾರದಿಂದ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಸಿಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾದಾ ರಾಗಿ ಹಿಟ್ಟು ಬೆಂದಾಗ ನೀರು ಕುಡಿದು ಉಬ್ಬುತ್ತದೆ. ನೂರು ಗ್ರಾಂ ಗಂಜಿಗೆ ಹತ್ತು ಗ್ರಾಂ ಹಿಟ್ಟು ಹಾಕುವಷ್ಟರಲ್ಲಿ ಅದು ಮಗು ನುಂಗಲಾರದಷ್ಟು ಗಟ್ಟಿ. ತಾಯಿ ನೀರು ಹಾಕಿ ತೆಳ್ಳಗೆ ಮಾಡುತ್ತಾಳೆ. ಆಗ ಇಡೀ ಬಟ್ಟಲು ಖಾಲಿಯಾದರೂ ಮಗುವಿನ ಹೊಟ್ಟೆಗೆ ಹೋದದ್ದು ನಲವತ್ತು ಕ್ಯಾಲರಿ ಮತ್ತು ಒಂದು ಲೋಟ ನೀರು. ‘ಚೆನ್ನಾಗಿ ತಿನ್ನುತ್ತೆ, ಮೈ ಹಿಡಿಯಲ್ಲ’ ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಈ ನೀರು. ಮೊಳಕೆ ಬಂದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸಿ ಗಂಜಿಯನ್ನು ತೆಳ್ಳಗೆ ಮಾಡುತ್ತದೆ. ಅಷ್ಟೇ ತೆಳುವಿನ ಸರಿಯಲ್ಲಿ ಸಾದಾ ಹಿಟ್ಟಿನ ಎರಡು ಪಟ್ಟಿಗೂ ಹೆಚ್ಚು ಹಿಟ್ಟು ಹಿಡಿಸಬಹುದು. ಮೇಲೆ ಒಂದು ಚಮಚ ತುಪ್ಪ ಹಾಕಿದರೆ ಇನ್ನೊಂದು 45 ಕ್ಯಾಲರಿ. ಬರೋಡಾದ ಪೌಷ್ಟಿಕಾಹಾರ ತಜ್ಞೆ ತಾರಾ ಗೋಪಾಲದಾಸ್ ಅವರು ಇದೇ ಗುಣವನ್ನು ಇನ್ನೊಂದು ದಾರಿಯಲ್ಲಿ ಬಳಸಿದರು: ಸಾದಾ ಗಂಜಿಗೆ ಮೊಳಕೆ ಹಿಟ್ಟನ್ನು ಚಿಟಿಕೆಯಷ್ಟು ಬೆರೆಸಿದರೂ ಗಂಜಿ ಇಳಿದುಬಿಡುತ್ತದೆ.

ಈಗ ಪಾತ್ರೆಯೂ ಒಲೆಯೂ ಏನು ಮಾಡುತ್ತವೆ ಎಂಬುದು ಮುಖ್ಯವಾಗುತ್ತದೆ. ಅಮೈಲೇಸ್ ಸುಮಾರು 60–70 ಡಿಗ್ರಿ ಬಿಸಿಯಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ, ಕುದಿಯುವ ನೀರಿನಲ್ಲಿ ಸಾಯುತ್ತದೆ. ಮೊಳಕೆ ರಾಗಿಯನ್ನು ಘಂ ಎನ್ನುವ ತನಕ ಹುರಿದರೆ ಪರಿಮಳ ಬರುತ್ತದೆ, ಕಿಣ್ವ ಹೋಗುತ್ತದೆ. ಕುದಿವ ನೀರಿಗೆ ಹಿಟ್ಟು ಸುರಿದರೂ ಅಷ್ಟೆ. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ನಿಧಾನವಾಗಿ ಬಿಸಿಯೇರಿಸಿ, ಕೊನೆಗೆ ಚೆನ್ನಾಗಿ ಕುದಿಸಬೇಕು. ಮೊಳಕೆ ಬರಿಸುವಾಗ ಕಾಳಿನ ಜತೆ ಸೂಕ್ಷ್ಮಾಣುಗಳೂ ಬೆಳೆದಿರುತ್ತವೆ, ಆದ್ದರಿಂದ ಕೊನೆಯ ಆ ಕುದಿಯನ್ನು ಬಿಡುವಂತಿಲ್ಲ. ‘ಸಣ್ಣ ಉರಿ, ಕೈ ಬಿಡಬೇಡ’ ಎಂದು ಹಿರಿಯರು ಹೇಳಿಕೊಟ್ಟದ್ದು ತಳ ಹಿಡಿಯದಿರಲೆಂದು, ಆದರೆ ಅದು ಕಿಣ್ವಕ್ಕೂ ಬೇಕಾದಷ್ಟು ಹೊತ್ತು ಕೊಟ್ಟಿತು. ಗುಂಡಿ ಒತ್ತಿದರೆ ನೇರ ನೂರು ಡಿಗ್ರಿಯ ಹಬೆಗೆ ಹೋಗುವ ಯಂತ್ರದಲ್ಲಿ ಈ ಹೊತ್ತೇ ಇಲ್ಲ.

ಎಲ್ಲ ಕಾಳಿಗೂ ಈ ಉಪಾಯ ಸಲ್ಲದು. ಜೋಳದ ಎಳೆಯ ಚಿಗುರಿನಲ್ಲಿ ಸಯನೈಡ್ ಬಿಡುವ ವಸ್ತುವಿದೆ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದನ್ನು ಉತ್ತರ ಕರ್ನಾಟಕದ ರೈತರು ಬಲ್ಲರು. ರಾಗಿಯ ಪಾಠವನ್ನು ಜೋಳಕ್ಕೆ ಕಣ್ಣುಮುಚ್ಚಿ ಹಚ್ಚುವವರು ಮೊಳಕೆಯನ್ನು ಪೂರ್ತಿ ಉದುರಿಸಬೇಕು, ಇಲ್ಲವೇ ಆ ದಾರಿಗೇ ಹೋಗಬಾರದು. ಬಟ್ಟೆ ಜರಡಿಯಲ್ಲೂ ಒಂದು ಲಾಭ, ಒಂದು ನಷ್ಟ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಹೆಮ್ಮೆಪಡುತ್ತೇವೆ. ಅದರ ದೊಡ್ಡ ಪಾಲು ಸಿಪ್ಪೆಯಲ್ಲಿ. ಬಟ್ಟೆಯಲ್ಲಿ ಉಳಿದು ಹಸುವಿನ ಕಲಗಚ್ಚಿಗೆ ಹೋಗುವುದು ಅದೇ. ಮೊದಲ ಕೆಲವು ವಾರ ಬಟ್ಟೆ ಸರಿ. ಎಂಟನೆಯ ತಿಂಗಳಿಗೂ ಬೆಣ್ಣೆಯಂಥ ಬಿಳಿ ಸರಿಯೇ ಬೇಕೆಂದು ಹಟ ಹಿಡಿಯುವುದು ದೊಡ್ಡವರ ಚಪಲ.

ನುಣುಪಿನ ಈ ಮೋಹವೇ ಯಂತ್ರದವರ ದೊಡ್ಡ ಬಂಡವಾಳ. ‘ಒಂದು ಗಂಟೂ ಇಲ್ಲದಂತೆ’ ಅರೆಯುವುದನ್ನು ಅವರು ಗುಣವಾಗಿ ಮಾರುತ್ತಾರೆ. ಮಗುವಿಗೆ ಗಂಟು ಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ಹತ್ತು ತಿಂಗಳ ನಂತರವೇ ಗಂಟುಗಂಟಾದ ಆಹಾರ ಕಂಡ ಮಕ್ಕಳು ಮುಂದೆ ತಿನ್ನುವ ವಿಷಯದಲ್ಲಿ ಹೆಚ್ಚು ತಂಟೆ ಮಾಡಿದರು. ಅಗಿಯುವುದನ್ನು ಮಗು ಕಲಿಯಬೇಕು, ಕಲಿಯಲು ಅಗಿಯುವಂಥದ್ದು ಬಾಯಿಗೆ ಬರಬೇಕು. ಆರನೆಯ ತಿಂಗಳಲ್ಲಿ ಕಿವುಚಿದ್ದು, ಎಂಟರಲ್ಲಿ ಕೈಯಲ್ಲಿ ಹಿಡಿದು ತಿನ್ನುವ ಮೆತ್ತನೆಯ ತುಂಡು, ವರ್ಷಕ್ಕೆ ಮನೆಯವರ ಊಟವೇ, ಖಾರ ಬಿಟ್ಟು. ಈ ಮೆಟ್ಟಿಲುಗಳನ್ನು ಹತ್ತಿಸುವುದು ಬೆರಳು. ಬೆಂದ ಅನ್ನ ಬೇಳೆಯನ್ನು ತಾಯಿಯೋ ಅಜ್ಜಿಯೋ ಬೆರಳಲ್ಲಿ ಕಿವುಚುವಾಗ ಇವತ್ತು ಸ್ವಲ್ಪ ನುಣ್ಣಗೆ, ಮುಂದಿನ ವಾರ ಸ್ವಲ್ಪ ತರಿತರಿ ಎಂದು ತಾನಾಗಿ ಬದಲಾಗುತ್ತದೆ. ಮೂಳೆಯ ಚೂರು, ನಾರು, ಬಿಸಿ ಎಲ್ಲವೂ ಬೆರಳಿಗೆ ತಿಳಿಯುತ್ತದೆ. ಬ್ಲೇಡು ಎಲ್ಲವನ್ನೂ ಒಂದೇ ಹದಕ್ಕೆ ತರುತ್ತದೆ. ಚೀಲದ ಮೂತಿಯಿಂದ ಹಿಂಡಿಕೊಂಡು ಹೀರುವ ಮಗುವಿಗೆ ತಾನು ತಿಂದದ್ದು ಕುಂಬಳಕಾಯಿಯೋ ಬೀಟ್‌ರೂಟೋ ಕಾಣುವುದೇ ಇಲ್ಲ.

ಹಬೆ ಬೇಕಾದರೆ ಇಡ್ಲಿ ಪಾತ್ರೆ ಇದೆ. ಕುಕ್ಕರಿನಲ್ಲಿ ಅನ್ನದ ಪಾತ್ರೆಯ ಮೇಲೆ ಪುಟ್ಟ ಸ್ಟೀಲ್ ಬಟ್ಟಲಲ್ಲಿ ಎರಡು ಹೋಳು ಕ್ಯಾರೆಟ್, ಒಂದು ಹಿಡಿ ಸೊಪ್ಪು ಇಟ್ಟರೆ ಮಗುವಿಗೆಂದು ಬೇರೆ ಗ್ಯಾಸೂ ಖರ್ಚಾಗದು. ಅರೆಯಬೇಕಾದರೆ ಮಿಕ್ಸಿಯ ಚಟ್ನಿ ಜಾರಿದೆ. ಖಾರದ ವಾಸನೆ ಬಿಡದ ಜಾರಿನ ಬದಲು ಮಗುವಿಗೆಂದು ಇನ್ನೊಂದು ಸಣ್ಣ ಜಾರು ತಂದುಕೊಂಡರೆ ಅದು ನ್ಯಾಯವಾದ ಖರ್ಚು. ಹಾಲು ಕುಡಿಸಲು ಒಳಲೆ ಇದೆ. ತಮಿಳಿನವರ ಪಾಲಾಡೈ ಎಂಬ ಹೆಸರಿನಲ್ಲಿ ಅದು ಇಂದು ದೊಡ್ಡ ಆಸ್ಪತ್ರೆಗಳ ನವಜಾತ ಘಟಕಗಳಲ್ಲಿ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಬಾಯಿಗೆ ಹಾಲು ಹನಿಸುತ್ತಿದೆ. ಅಲ್ಲಿ ಅದಕ್ಕೆ ಸಿಕ್ಕ ಮರ್ಯಾದೆಗೆ ಕಾರಣ ಸರಳ: ಅದರಲ್ಲಿ ಸಂದಿಯಿಲ್ಲ, ನಿಪ್ಪಲ್ ಇಲ್ಲ, ಒಂದು ಬೆರಳು ಒಳಗೆ ಹೋಗಿ ಪೂರ್ತಿ ತಿಕ್ಕಿ ತೊಳೆದು ಬರಬಹುದು.

ಮಗುವಿಗೆಂದು ಕೊಳ್ಳುವ ಯಾವುದೇ ಸಾಮಾನಿಗೆ ನಾನು ಹಾಕುವ ಮೊದಲ ಪ್ರಶ್ನೆ ಇದೇ, ಬೆರಳು ಎಲ್ಲ ಕಡೆ ಮುಟ್ಟುತ್ತದೆಯೇ? ಯಂತ್ರದ ಬ್ಲೇಡಿನ ಅಡಿಯ ವಾಷರಿನ ಸಂದಿಗೆ, ಸಿಪ್ಪರಿನ ಸ್ಟ್ರಾದೊಳಕ್ಕೆ, ಮೂತಿ ಚೀಲದ ಮೂಲೆಗೆ, ಜಾಲರಿ ನಿಪ್ಪಲಿನ ಕಣ್ಣುಗಳಿಗೆ ಮುಟ್ಟುವುದಿಲ್ಲ. ಅಲ್ಲಿ ಉಳಿದ ಬಾಳೆಹಣ್ಣಿನ ಲೋಳೆಗೆ ನಮ್ಮ ಹವೆಯಲ್ಲಿ ಒಂದು ರಾತ್ರಿ ಸಾಕು. ಭೇದಿ ಹೆಚ್ಚಾಗಿ ಕಾಡುವ ವಯಸ್ಸು ಆರರಿಂದ ಹನ್ನೆರಡು ತಿಂಗಳು, ಮೇಲಾಹಾರ ಶುರುವಾಗುವ ಕಾಲವೇ. ಇದು ಹಲ್ಲು ಬರುವುದರಿಂದ ಎಂದು ನಾವು ಹಲ್ಲನ್ನು ದೂರುತ್ತೇವೆ. ಆಫ್ರಿಕಾದ ಗ್ಯಾಂಬಿಯಾದಲ್ಲಿ 1970ರ ದಶಕದಲ್ಲಿ ಸಂಶೋಧಕರು ಮಕ್ಕಳ ಗಂಜಿಯನ್ನೇ ಪರೀಕ್ಷೆಗೆ ತೆಗೆದುಕೊಂಡರು. ಮಾಡಿಟ್ಟು ಗಂಟೆಗಳು ಕಳೆದಂತೆ ಅದರಲ್ಲಿ ಬ್ಯಾಕ್ಟೀರಿಯಾ ಏರುತ್ತಿತ್ತು, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು. ಬೆಳಿಗ್ಗೆ ಮಾಡಿ ಹೊಲಕ್ಕೆ ಹೋಗುವ ತಾಯಿ, ಮಧ್ಯಾಹ್ನ ಅದನ್ನೇ ತಿನ್ನಿಸುವ ಅಕ್ಕ, ನಮ್ಮ ಕಡೆಯ ಚಿತ್ರವೂ ಬೇರೆಯೇನಲ್ಲ.

ಇಲ್ಲಿಂದ ಕೂಡಿಡುವ ಪ್ರಶ್ನೆಗೆ ಬರುತ್ತೇವೆ. ಭಾನುವಾರ ವಾರದಷ್ಟು ಪ್ಯೂರಿ ಮಾಡಿ, ಟ್ರೇಗಳಲ್ಲಿ ಗಟ್ಟಿಗಟ್ಟಿಸಿ, ದಿನಕ್ಕೆರಡು ಗಟ್ಟಿ ಕರಗಿಸಿ ಕೊಡುವ ಪದ್ಧತಿ ಅಮೆರಿಕದಂಥ ಕಡೆಯಿಂದ ಬಂದದ್ದು. ಅಲ್ಲಿನ ಲೆಕ್ಕದಲ್ಲಿ ಅದು ತಪ್ಪಲ್ಲ. ಫ್ರಿಜ್ಜಿನಲ್ಲಿ ಒಂದೆರಡು ದಿನ, ಫ್ರೀಜರಿನಲ್ಲಿ ಒಂದೆರಡು ತಿಂಗಳು ಎಂದು ಅಲ್ಲಿ ಹೇಳುತ್ತಾರೆ. ಆ ಲೆಕ್ಕದ ಕೆಳಗೆ ಒಂದು ನಂಬಿಕೆಯಿದೆ: ಕರೆಂಟು ಹೋಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆ ಕರೆಂಟಿಲ್ಲದ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಅರ್ಧ ಕರಗಿ ಮತ್ತೆ ಗಟ್ಟಿಯಾದ ಪ್ಯೂರಿಗೆ ಅದು ಅನ್ವಯಿಸದು. ಬೆಂದ ಧಾನ್ಯದಲ್ಲಿ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದರೂ ಉಳಿಯುತ್ತದೆ. ಉಗುರುಬೆಚ್ಚಗೆ ಬಿಟ್ಟರೆ ಮೊಳೆತು ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ‘ಚೆನ್ನಾಗಿ ಕುದಿಸಿ ಕೊಟ್ಟೆ’ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ಬೆಂದದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಇಟ್ಟರೆ 5 ಡಿಗ್ರಿಗಿಂತ ತಣ್ಣಗೆ ಅಥವಾ 60 ಡಿಗ್ರಿಗಿಂತ ಬಿಸಿಯಾಗಿ ಇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಪಾಲಕ್ ಪ್ಯೂರಿಗೆ ಇನ್ನೂ ಒಂದು ತೊಂದರೆ. ಹೊರಗಿಟ್ಟಾಗ ಅದರ ನೈಟ್ರೇಟು ನೈಟ್ರೈಟ್ ಆಗಿ ಎಳೆಯ ಮಗುವಿನ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸಬಲ್ಲದು.

ನಮ್ಮ ಪದ್ಧತಿ ಕೂಡಿಟ್ಟದ್ದು ಒಣ ಹಿಟ್ಟನ್ನು, ಬೇಯಿಸಿದ್ದು ಆ ಹೊತ್ತಿನದನ್ನು. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯದು. ಸರಿ ಹಿಟ್ಟಿನ ಡಬ್ಬಿಗೆ ಕರೆಂಟು ಬೇಡ. ಅದಕ್ಕಿರುವ ಶತ್ರು ತೇವ. ಮಲೆನಾಡಿನ ಆಷಾಢದಲ್ಲಿ ಹಿಟ್ಟು ಮುಗ್ಗುತ್ತದೆ, ಆದ್ದರಿಂದ ಅಲ್ಲಿ ಮೂರು ತಿಂಗಳಿಗಾಗುವಷ್ಟು ಮಾಡಿಡುವ ಹುಮ್ಮಸ್ಸು ಬೇಡ, ಹದಿನೈದು ದಿನದ್ದು ಸಾಕು. ಒದ್ದೆ ಚಮಚ ಅದ್ದಬಾರದು. ಸ್ಟೀಲ್ ಅಥವಾ ಗಾಜಿನ ಡಬ್ಬಿ ಆಗಬೇಕು. ಪ್ಲಾಸ್ಟಿಕ್ಕಿನ ವಿಷಯ ಚುಟುಕಾಗಿ ಹೇಳುವುದಾದರೆ, ತಣ್ಣಗಿನ ಒಣ ಸಾಮಾನಿಗೆ ಅದು ಅಷ್ಟು ಕೆಡುಕಲ್ಲ, ಬಿಸಿಗೆ ಕೆಡುಕು. ಪಾಲಿಪ್ರೊಪಿಲೀನ್ ಹಾಲಿನ ಬಾಟಲಿಗಳು ಒಂದು ಲೀಟರಿಗೆ 1.6 ಕೋಟಿಯಷ್ಟು ಪ್ಲಾಸ್ಟಿಕ್ ಕಣ ಉದುರಿಸಬಲ್ಲವು, ನೀರು ಬಿಸಿಯಾದಷ್ಟೂ ಕಣ ಹೆಚ್ಚು ಎಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಬರೆದರು. ಅವು ಮಗುವಿನ ಮೈಯಲ್ಲಿ ಏನು ಮಾಡುತ್ತವೆ ಎಂಬುದರ ವಿಚಾರಣೆ ಇನ್ನೂ ನಡೆಯುತ್ತಿದೆ. ತೀರ್ಪಿಗೆ ಕಾಯದೆ ಸ್ಟೀಲ್ ಲೋಟ ಹಿಡಿಯಲು ಏನೂ ಅಡ್ಡಿಯಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎದುರು ಮಾತನ್ನು ಕೇಳಿಸಿಕೊಳ್ಳಲೇಬೇಕು, ಮತ್ತು ಅದು ಹಗುರವಾದ ಮಾತಲ್ಲ. ಮೊಳಕೆ ಬರಿಸಿ, ಒಣಗಿಸಿ, ತಿಕ್ಕಿ, ಕೇರಿ, ಬೀಸಿ, ಜರಡಿ ಹಿಡಿದು, ಹೊತ್ತುಹೊತ್ತಿಗೆ ಸಣ್ಣ ಉರಿಯಲ್ಲಿ ಕೈಯಾಡಿಸುವವರು ಯಾರು? ತವರಿನಲ್ಲಿ ಬಾಣಂತನ ಮಾಡಿಸಿಕೊಂಡು, ಅಮ್ಮ ಕಟ್ಟಿಕೊಟ್ಟ ಸರಿ ಹಿಟ್ಟಿನ ಡಬ್ಬಿಯೊಂದಿಗೆ ಬಂದವಳಿಗೆ ಸರಿ. ತಾಯಿ ಇಲ್ಲದವಳಿಗೆ? ಅಮ್ಮನೂ ಕೆಲಸಕ್ಕೆ ಹೋಗುವವಳಾದರೆ? 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. 26 ವಾರ ಎಂದರೆ ಆರು ತಿಂಗಳು. ಹೆರಿಗೆಗೆ ಮುಂಚೆ ಒಂದಿಷ್ಟು ರಜೆ ತೆಗೆದುಕೊಂಡವಳು ಅದಕ್ಕೂ ಮೊದಲೇ ಕಚೇರಿಗೆ ಮರಳಬೇಕು. ಎದೆಹಾಲು ಮಾತ್ರ ಸಾಕಾಗಿದ್ದ ಕಾಲಕ್ಕೆ ಸರ್ಕಾರ ರಜೆ ಕೊಟ್ಟಿತು, ನಿಜವಾದ ಅಡುಗೆ ಶುರುವಾಗುವ ವಾರ ಅವಳನ್ನು ಕೆಲಸಕ್ಕೆ ಕರೆಯಿತು. ಯಂತ್ರ ಮಾರುವವರು ಈ ಕಂದಕವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡಿದ್ದಾರೆ. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಆರು ಸಾವಿರದ ಯಂತ್ರ ಕೊಳ್ಳುವ ತಾಯಿಯನ್ನು ನಾನು ಗೇಲಿ ಮಾಡಲಾರೆ. ಅವಳು ಕೊಳ್ಳುತ್ತಿರುವುದು ಹೊತ್ತನ್ನು. ನನ್ನ ಆಕ್ಷೇಪ ಇಷ್ಟೇ: ಯಂತ್ರ ಉಳಿಸುವುದು ಅರೆಯುವ ಹತ್ತು ನಿಮಿಷ, ಅದರ ಐದಾರು ಬಿಡಿಭಾಗ ಬಿಚ್ಚಿ ತೊಳೆದು ಒಣಗಿಸುವಷ್ಟರಲ್ಲಿ ಆ ಹತ್ತೂ ಹೋಗಿರುತ್ತದೆ. ತೊಳೆಯುವವಳು ಬಹುತೇಕ ಅವಳೇ, ಅಥವಾ ತನ್ನ ಮಗುವನ್ನು ಬೇರೆಯವರ ಬಳಿ ಬಿಟ್ಟು ಬಂದ ಮನೆಗೆಲಸದವಳು.

ಹೊತ್ತೇ ಇಲ್ಲದವರಿಗೆ ನಮ್ಮಲ್ಲಿ ಇನ್ನೊಂದು ವಸ್ತು ಇತ್ತು. ಹುರಿಹಿಟ್ಟು. ರಾಗಿಗೆ ಹದವಾಗಿ ನೀರೋ ಮಜ್ಜಿಗೆಯೋ ಚಿಮುಕಿಸಿ, ಕಾದ ಮರಳಲ್ಲಿ ಅರಳಿಸಿ ಬೀಸಿದ ಹಿಟ್ಟು. ಅರಳುವಾಗಲೇ ಬೆಂದಿರುತ್ತದೆ, ಮತ್ತೆ ಒಲೆ ಬೇಡ. ಕುದಿಸಿ ಫ್ಲಾಸ್ಕಿಗೆ ಹಾಕಿದ ಬಿಸಿ ನೀರು, ಸ್ಟೀಲ್ ಬಟ್ಟಲು, ಹುರಿಹಿಟ್ಟಿನ ಡಬ್ಬಿ, ಒಂದು ಚಮಚ ತುಪ್ಪ, ಇಷ್ಟಿದ್ದರೆ ಶಿಶುಪಾಲನಾ ಕೇಂದ್ರದಲ್ಲೂ ಬಸ್ಸಿನಲ್ಲೂ ಹೊತ್ತಿನ ಊಟ ಆ ಕ್ಷಣಕ್ಕೆ ತಯಾರು. ಮೊಳಕೆ ಹಿಟ್ಟಿನ ಕಿಣ್ವದ ಲಾಭ ಇದರಲ್ಲಿಲ್ಲ, ಮಾಡಿಟ್ಟ ಗಂಜಿಯ ಅಪಾಯವೂ ಇಲ್ಲ. ಬರೀ ರಾಗಿಯಲ್ಲಿ ಮಗು ಬೆಳೆಯದು ಎಂಬುದನ್ನೂ ಇಲ್ಲೇ ಹೇಳಬೇಕು. ಆರು ತಿಂಗಳಾದ ಮೇಲೆ ಬೇಳೆ, ಸೊಪ್ಪು, ಮೊಟ್ಟೆ, ತಿನ್ನುವವರಿಗೆ ಮೀನು ಮಾಂಸ, ಹಣ್ಣು ಎಲ್ಲವೂ ಬರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಕನಿಷ್ಠ ತಕ್ಕಮಟ್ಟಿನ ಆಹಾರ ಸಿಗುವುದು ನೂರಕ್ಕೆ 11 ಮಕ್ಕಳಿಗೆ ಮಾತ್ರ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆ. ಈ ಮಕ್ಕಳ ಮನೆಗಳಲ್ಲಿ ಕೊರತೆಯಿರುವುದು ಪ್ಯೂರಿ ಯಂತ್ರಕ್ಕಲ್ಲ. ಮೊಟ್ಟೆಗೆ, ಕೈ ತೊಳೆಯುವ ನೀರಿಗೆ, ಮಗುವಿನ ಎದುರು ಇಪ್ಪತ್ತು ನಿಮಿಷ ಕೂರುವ ಒಬ್ಬರಿಗೆ.

ಹಾಗಾಗಿ ಉಪಕರಣದ ಚರ್ಚೆಯನ್ನು ಖಾಸಗಿ ಅಡುಗೆಮನೆಯಿಂದ ಸ್ವಲ್ಪ ಹೊರಗೆ ತರಬೇಕೆನಿಸುತ್ತದೆ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ, ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಸುಮಾರು 4,000 ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಹೇಳಿತು. ಅಂಥ ಮನೆಯ ಅಡುಗೆ ಮೂಲೆಯಲ್ಲಿ ಏನಿರಬೇಕು ಎಂದು ಯಾರಾದರೂ ಪಟ್ಟಿ ಮಾಡಲು ಕೂತರೆ, ಬಣ್ಣದ ಪ್ಲಾಸ್ಟಿಕ್ ಬಟ್ಟಲುಗಳ ಟೆಂಡರು ಕರೆಯುವುದಕ್ಕೆ ಮುಂಚೆ ಇವನ್ನು ಬರೆದುಕೊಳ್ಳಲಿ: ದಪ್ಪ ತಳದ ಎರಡು ಸ್ಟೀಲ್ ಪಾತ್ರೆ, ಮಗುವಿಗೊಂದರಂತೆ ಸ್ಟೀಲ್ ಬಟ್ಟಲು ಮತ್ತು ಚಮಚ, ಬಿಗಿ ಮುಚ್ಚಳದ ಹಿಟ್ಟಿನ ಡಬ್ಬಿ, ದೊಡ್ಡ ಫ್ಲಾಸ್ಕು, ನಲ್ಲಿ, ಸೋಪು. ಹಿಟ್ಟನ್ನು ಅದೇ ಊರಿನ ಸ್ತ್ರೀಶಕ್ತಿ ಸಂಘದವರು ಬೀಸಿ ಕೊಡಬಹುದು. ಮೊಳಕೆ ಬರಿಸುವುದು ಹೇಗೆ, ಯಾವ ಬಿಸಿಗೆ ನಿಲ್ಲಿಸಬೇಕು ಎಂಬುದನ್ನು ಮೈಸೂರಿನಲ್ಲಿ ನಲವತ್ತು ವರ್ಷದ ಹಿಂದೆಯೇ ಬರೆದಿಟ್ಟಾಗಿದೆ. ಇಷ್ಟಕ್ಕೆ ತಗಲುವ ಹಣ ನಗರದ ಒಂದು ಮನೆಗೆ ಬರುವ ಪಾರ್ಸೆಲ್‌ಗಳ ಬಿಲ್ಲಿಗಿಂತ ಹೆಚ್ಚೇನೂ ಆಗಲಾರದು. ಹೆಚ್ಚು ತಗಲುವುದು ನೋಡಿಕೊಳ್ಳುವವಳ ಸಂಬಳ, ಮತ್ತು ಅದನ್ನು ತಿಂಗಳು ತಿಂಗಳು ತಪ್ಪದೆ ಕೊಡುವುದು.